ಮಲೆನಾಡಿನ ಹಲ್ಲಿನ ಕ್ಲಿನಿಕ್‌ಗೆ ಕಂಪ್ಯೂಟರ್, ಕರೆಂಟ್, ಬ್ಯಾಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಅಂಗಡಿ ಇಟ್ಟುಕೊಂಡು ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪದ ತನಕ ಹಲ್ಲಿನ ಡಾಕ್ಟರುಗಳಿಗೆ ಕಂಪ್ಯೂಟರ್, ನೆಟ್, ವೈರಿಂಗ್ ಮಾಡಿಕೊಡುವುದು ನನ್ನ ಕೆಲಸ. ಶುರುವಾಗಿದ್ದು ಅಕ್ಕನ ಕ್ಲಿನಿಕ್‌ನಿಂದ. ಅವಳು ಹಲ್ಲಿನ ಡಾಕ್ಟರು, ನಾನು ಕಂಪ್ಯೂಟರ್ ರಿಪೇರಿಯವನು. "ಹೊರಗಿನವರು ಯಾಕೆ, ನೀನೇ ಮಾಡಿಕೊಡು" ಅಂದಳು. ಮಾಡಬಾರದ ತಪ್ಪನ್ನೆಲ್ಲ ಅವಳ ಕ್ಲಿನಿಕ್‌ನಲ್ಲೇ ಮಾಡಿ ಕಲಿತೆ. ಫೋನಿನಲ್ಲಿ ದಿನಾ ಅದೇ ಪ್ರಶ್ನೆಗಳು ಬರುತ್ತವೆ, ಹಾಗಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಹೊಸ ಕ್ಲಿನಿಕ್ ಮಾಡಿಸುತ್ತಿದ್ದೇನೆ. ಕಂಪ್ಯೂಟರಿನವರನ್ನು ಯಾವಾಗ ಕರೆಯಬೇಕು?

ಟೈಲ್ಸ್ ಹಾಕುವ ಮೊದಲು. ಇದೊಂದು ಮಾತು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಚೇರ್ ಎಲ್ಲಿ ಬರುತ್ತದೆ ಅಂತ ಗೊತ್ತಾದ ಕೂಡಲೇ ಅದಕ್ಕೆ ನೀರಿನ ಪೈಪು, ಕೊಳೆನೀರಿನ ಪೈಪು, ಕಂಪ್ರೆಸರ್‌ನ ಗಾಳಿ ಪೈಪು ನೆಲದೊಳಗೆ ಹೋಗುತ್ತವೆ. ಪ್ಲಂಬರ್ ನೆಲ ಅಗೆದಿರುವಾಗಲೇ ಪಕ್ಕದಲ್ಲಿ ಇನ್ನೊಂದು ಒಂದಿಂಚಿನ ಖಾಲಿ ಪೈಪು ಹಾಕಿಸಿ. ಅದರಲ್ಲಿ ಕರೆಂಟ್ ವೈರ್ ಬೇಡ, ಬರೀ ನೆಟ್‌ವರ್ಕ್ ಕೇಬಲ್. ಒಳಗೆ ಒಂದು ಎಳೆದಾರ ಬಿಟ್ಟಿರಿ, ಮುಂದೆ ಏನಾದರೂ ಎಳೆಯಬೇಕಾದರೆ ಬೇಕಾಗುತ್ತದೆ. ರಿಸೆಪ್ಷನ್‌ನಿಂದ ಪ್ರತಿ ಚೇರ್‌ಗೆ ಎರಡು ಕ್ಯಾಟ್ 6 ಕೇಬಲ್, ಎಕ್ಸ್‌ರೇ ಜಾಗಕ್ಕೆ ಒಂದು, ವೈಫೈಗೆ ಸೀಲಿಂಗಿಗೆ ಒಂದು, ಬಾಗಿಲಿನ ಕ್ಯಾಮೆರಾಗೆ ಒಂದು. ಈಗ ಒಂದೇ ಚೇರ್ ಇದ್ದರೂ ಎರಡನೆಯದರ ಜಾಗಕ್ಕೂ ಎಳೆದಿಡಿ. ಕೇಬಲ್ ಅಗ್ಗ, ಟೈಲ್ಸ್ ಒಡೆಸುವುದು ದುಬಾರಿ.

ಹೆಚ್ಚಿನವರು ಬಣ್ಣ ಬಳಿಸಿ, ಗೃಹಪ್ರವೇಶದ ಹಾಗೆ ಪೂಜೆಗೆ ದಿನ ಇಟ್ಟು, ಆಮೇಲೆ ಫೋನ್ ಮಾಡುತ್ತಾರೆ. ಆಗ ಗೋಡೆ ಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆದು ಅದರೊಳಗೆ ವೈರ್ ಎಳೆಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಆರು ತಿಂಗಳಲ್ಲಿ ಆ ಪಟ್ಟಿಯೊಳಗೆ ಇರುವೆ ಸಂಸಾರ ಮಾಡಿರುತ್ತದೆ.

ಕಂಪ್ಯೂಟರ್ ಚೇರ್ ಪಕ್ಕದಲ್ಲೇ ಇರಬೇಕಾ? ಬೀರುವಿನೊಳಗೆ ಇಟ್ಟರೆ ನೋಡಲು ಚೆಂದ ಅಲ್ವಾ?

ಚೆಂದವೇ. ಅಕ್ಕನ ಕ್ಲಿನಿಕ್‌ನಲ್ಲಿ ನಾನು ಮಾಡಿದ್ದೂ ಅದನ್ನೇ. ಸಿಪಿಯು ಗೋಡೆಯ ಆಚೆ ಬೀರುವಿನಲ್ಲಿ, ಆರ್‌ವಿಜಿ ಸೆನ್ಸರ್ (ಬಾಯೊಳಗಿಟ್ಟು ಎಕ್ಸ್‌ರೇ ಚಿತ್ರ ಹಿಡಿಯುವ ಸಾಧನ) ಚೇರ್ ಹತ್ತಿರ. ಮಧ್ಯೆ ಹತ್ತು ಮೀಟರಿನ ಅಗ್ಗದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಮೊದಲ ವಾರ ಸರಿಯಾಗಿತ್ತು. ಆಮೇಲೆ ಒಂದು ದಿನ ರೂಟ್ ಕೆನಾಲ್ ಮಾಡುವಾಗ, ಸೆನ್ಸರ್ ಬಾಯೊಳಗೆ ಇಟ್ಟು ಎಕ್ಸ್‌ರೇ ಒತ್ತಿದರೆ ಪರದೆ ಮೇಲೆ "ಸೆನ್ಸರ್ ಸಿಗುತ್ತಿಲ್ಲ" ಅಂತ ಬಂತು. ತೆಗೆದು ಹಾಕಿ, ಮತ್ತೆ ಒತ್ತಿದಳು. ಅಂದರೆ ಆ ಪೇಷಂಟ್‌ಗೆ ಸುಮ್ನೆ ಎರಡನೇ ಸಲ ಎಕ್ಸ್‌ರೇ ಬಿತ್ತು. ಅವತ್ತು ಅಕ್ಕ ಬೈದಿದ್ದು ಇನ್ನೂ ನೆನಪಿದೆ.

ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್ ಮಿತಿ. ಸೆನ್ಸರ್‌ನ ಸ್ವಂತ ವೈರೇ ಎರಡು ಮೂರು ಮೀಟರ್ ಇರುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಸಿಪಿಯು ಚೇರ್ ಹತ್ತಿರವೇ ಇರಲಿ. ಜಾಗ ಕಮ್ಮಿ ಇದ್ದರೆ ಮಾನಿಟರ್ ಹಿಂದೆ ಸ್ಕ್ರೂ ಹಾಕಿ ಕೂರಿಸುವ ಪುಟ್ಟ ಪೆಟ್ಟಿಗೆಯ ಕಂಪ್ಯೂಟರ್ ಬರುತ್ತದೆ, ಅದು ಒಳ್ಳೆಯದು. ದೂರ ಇಡಲೇಬೇಕು ಅಂದರೆ ಒಳಗೆ ಸರ್ಕ್ಯೂಟ್ ಇರುವ ಆಕ್ಟಿವ್ ಕೇಬಲ್ ಬೇಕು, ಅದನ್ನೂ ಸೆನ್ಸರ್ ಮಾರುವವರ ಎದುರಿಗೇ ಹಾಕಿ ಪರೀಕ್ಷೆ ಮಾಡಿಸಿ.

ಕೈಯಲ್ಲಿರುವ ದುಡ್ಡನ್ನು ಯಾವುದಕ್ಕೆ ಮೊದಲು ಹಾಕಲಿ?

ಅರ್ಥಿಂಗ್. ಆಮೇಲೆ ಬ್ಯಾಟರಿ. ಆಮೇಲೆ ಕೇಬಲ್. ಆಮೇಲೆ ಬ್ಯಾಕಪ್. ಇವೆಲ್ಲ ಆದಮೇಲೆ ಕಂಪ್ಯೂಟರ್, ಸಾಫ್ಟ್‌ವೇರ್. ಕಾಯುವ ಕೋಣೆಯ ದೊಡ್ಡ ಟಿವಿ ಎಲ್ಲಕ್ಕಿಂತ ಕೊನೆಗೆ. ಕ್ಲಿನಿಕ್‌ಗೆ ಹೋಗಿ ನೋಡಿದರೆ ಇದು ಹೆಚ್ಚಿನ ಕಡೆ ತಲೆಕೆಳಗಾಗಿರುತ್ತದೆ. ಪೇಷಂಟ್ ಕಣ್ಣಿಗೆ ಬೀಳುವುದಕ್ಕೆ ದುಡ್ಡು, ನೆಲದಡಿ ಇರುವುದಕ್ಕೆ ಚೌಕಾಸಿ.

ಕ್ಲಿನಿಕ್‌ನ ಪ್ಲಾನ್ ಸರಿ ಇದೆಯಾ ಅಂತ ನೋಡಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಪುನರ್ವಸು ಮಳೆ ಹೊಯ್ಯುತ್ತಿದೆ, ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಮರ ಬಿದ್ದು ಫೈಬರ್ ತುಂಡಾಗಿದೆ. ಹಳ್ಳಿಯಿಂದ ಒಬ್ಬರು ಬಸ್ಸಲ್ಲಿ ನೆನೆದುಕೊಂಡು ಬಂದು ಚೇರ್ ಮೇಲೆ ಕೂತಿದ್ದಾರೆ. ಅವರ ಹಳೇ ಎಕ್ಸ್‌ರೇ ನಿಮಗೆ ಕಾಣುತ್ತದಾ? ಕಾಣುತ್ತದೆ ಅಂದರೆ ಪ್ಲಾನ್ ಸರಿ ಇದೆ.

ಕರೆಂಟಿಗೆ ಏನೇನು ಬೇಕು? ಯುಪಿಎಸ್ ಒಂದಿದ್ದರೆ ಸಾಕಾ?

ಮೊದಲು ಲೋಡನ್ನು ಎರಡು ಗುಂಪು ಮಾಡಿ. ಕಂಪ್ರೆಸರ್, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್, ಎಸಿ ಒಂದು ಕಡೆ. ಕಂಪ್ಯೂಟರ್, ಸೆನ್ಸರ್, ರೂಟರ್, ಚೇರ್ ಲೈಟ್ ಇನ್ನೊಂದು ಕಡೆ. ಒಂದು ಎಚ್‌ಪಿ ಮೋಟರ್ ಅಂದರೆ 746 ವ್ಯಾಟ್, ಆದರೆ ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು ಎಳೆಯುತ್ತದೆ. ಕಂಪ್ರೆಸರ್ ಅನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಿ, "ಯುಪಿಎಸ್ ಕಳಪೆ" ಅಂತ ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ.

ಎರಡನೇ ಗುಂಪಿಗೆ ಸೈನ್ ವೇವ್ ಇನ್ವರ್ಟರ್, ಟ್ಯೂಬುಲರ್ ಬ್ಯಾಟರಿ ಹಾಕಿಸಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ಕಾಗದದ ಮೇಲೆ 1800 ವ್ಯಾಟ್ ಅವರ್. ಕೈಗೆ ಸಿಗುವುದು ಮೂರರಲ್ಲಿ ಎರಡು ಪಾಲು ಅಂತ ಇಟ್ಟುಕೊಳ್ಳಿ. 300 ವ್ಯಾಟ್ ಲೋಡಿಗೆ ಸುಮಾರು 4 ಗಂಟೆ. ಪೂರ್ತಿ ದಿನ ಬೇಕು ಅಂದರೆ ಎರಡು ಬ್ಯಾಟರಿ. ತುಂಬಾ ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದು ಯುಪಿಎಸ್ ಮೋಡ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ಇನ್ವರ್ಟರ್ ಹಿಡಿದುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಆರಿ ಮತ್ತೆ ಹತ್ತುತ್ತದೆ. ಇದರ ಮೇಲೆ ಕಂಪ್ಯೂಟರ್‌ಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಇನ್ನೂ ನೆಮ್ಮದಿ. ಅದು ಕೊಡುವುದು ಹತ್ತು ಹದಿನೈದು ನಿಮಿಷ. ಕೆಲಸ ಮುಂದುವರಿಸಲು ಅಲ್ಲ, ಫೈಲ್ ಉಳಿಸಿ ಮುಚ್ಚಲು ಅಷ್ಟೇ.

ಇನ್ನೊಂದು ಸಣ್ಣ ಐಟಂ. ರೂಟರ್‌ಗೆ ಮತ್ತು ಫೈಬರ್ ಪೆಟ್ಟಿಗೆಗೆ 12 ವೋಲ್ಟಿನ ಮಿನಿ ಯುಪಿಎಸ್. ಅಂಗೈಯಷ್ಟು ದೊಡ್ಡದು, ಬೆಲೆಯೂ ಕಮ್ಮಿ. ಇನ್ವರ್ಟರ್ ಕೈಕೊಟ್ಟ ದಿನ ಇದು ನೆಟ್ ಉಳಿಸುತ್ತದೆ.

ಅರ್ಥಿಂಗ್ ವಿಷಯಕ್ಕೆ ಬರೋಣ. ಬಾಡಿಗೆ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ಪಿನ್ನಿಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಎಷ್ಟು ವೋಲ್ಟ್ ಇದೆ ನೋಡಿಸಿ. ಎರಡು ಮೂರು ವೋಲ್ಟ್ ದಾಟಿದರೆ ಎಲ್ಲೋ ಎಡವಟ್ಟಿದೆ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲಿ ಅರ್ಥ್ ಗುಂಡಿಗೆ ವಾರಕ್ಕೊಂದು ಬಿಂದಿಗೆ ನೀರು ಹಾಕಿ. ತಮಾಷೆ ಅಲ್ಲ, ಮುಂಗಾರಿಗೆ ಮುಂಚಿನ ಗುಡುಗು ಬರುವುದೂ ಅದೇ ಹೊತ್ತಿಗೆ.

ಸಿಡಿಲಿಗೆ ಏನು ಮಾಡುವುದು?

ಸಿಡಿಲು ಕರೆಂಟ್ ಲೈನಿನಿಂದ ಮಾತ್ರ ಬರುತ್ತದೆ ಅಂದುಕೊಂಡಿದ್ದಾರೆ ಜನ. ಹಳೇ ಟೆಲಿಫೋನ್ ತಾಮ್ರದ ವೈರು, ಟಿವಿ ಕೇಬಲ್, ಹೊರಗಿನ ಕ್ಯಾಮೆರಾದ ಕೇಬಲ್, ಇವೆಲ್ಲ ಅದಕ್ಕೆ ಹೆದ್ದಾರಿ. ಫೈಬರ್ ಗಾಜಿನದು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಕಂಬದಿಂದ ಎಳೆಯುವ ಫೈಬರ್ ಕೇಬಲ್‌ನಲ್ಲಿ ಗಟ್ಟಿಗೆ ಅಂತ ಉಕ್ಕಿನ ತಂತಿ ಇರುತ್ತದೆ. ಅದನ್ನು ಕಟ್ಟಡದ ಹೊರಗೇ ಕತ್ತರಿಸಿ, ಬರೀ ಫೈಬರ್ ಒಳಗೆ ತರಬೇಕು. ಮೇನ್ ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಹೆಚ್ಚಾಗಿ ನುಗ್ಗುವ ವೋಲ್ಟನ್ನು ಅದು ಅರ್ಥ್‌ಗೆ ಕಳಿಸುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದು ಸುಮ್ನೆ ಅಲಂಕಾರ. ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ನಾನು ಹೇಳುವುದು ಇಷ್ಟು: ರಾತ್ರಿ ಕ್ಲಿನಿಕ್ ಮುಚ್ಚುವಾಗ ಸ್ವಿಚ್ ಆರಿಸುವುದು ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಸೆನ್ಸರ್ ಯುಎಸ್‌ಬಿಯನ್ನೂ ಕೀಳಿ. ಕಂಪ್ಯೂಟರ್ ಸುಟ್ಟರೆ ಬೇರೆ ತರಬಹುದು, ಸೆನ್ಸರ್ ಸುಟ್ಟರೆ ಅದರ ಬೆಲೆಗೆ ಮೂರು ಕಂಪ್ಯೂಟರ್ ಬಂದೀತು.

ಯಾವ ಕಂಪ್ಯೂಟರ್ ತಗೊಳ್ಳಲಿ? ಹಳೆಯದೇ ನಡೆಯುತ್ತದಾ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ನಿಂತಿದೆ. ಆದರೂ ಎಕ್ಸ್‌ರೇ ಕೋಣೆಗಳಲ್ಲಿ ವಿಂಡೋಸ್ 7 ಇನ್ನೂ ಉಸಿರಾಡುತ್ತಿದೆ, ಯಾಕೆಂದರೆ ಹಳೇ ಸೆನ್ಸರ್‌ನ ಡ್ರೈವರ್ ಹೊಸದರಲ್ಲಿ ಓಡುವುದಿಲ್ಲ. ಅಂಥ ಮೆಷಿನ್ ಎಸೆಯಬೇಕಿಲ್ಲ. ಅದಕ್ಕೆ ನೆಟ್ ಕೊಡಬೇಡಿ, ಪೆನ್‌ಡ್ರೈವ್ ಹಾಕಬೇಡಿ, ಎಕ್ಸ್‌ರೇಗೆ ಮಾತ್ರ ಬಳಸಿ.

ಹೊಸದಕ್ಕೆ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಡೆಸ್ಕ್‌ಟಾಪ್ ಸಾಕು. ಸಿಬಿಸಿಟಿ, ಅಂದರೆ ದವಡೆಯ 3ಡಿ ಎಕ್ಸ್‌ರೇ ಸ್ಕ್ಯಾನ್, ತಿರುಗಿಸಿ ನೋಡುವವರಿಗೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಬೇಕು. ಉಳಿಸಿದ ದುಡ್ಡಿನಲ್ಲಿ, ಪಕ್ಕದಿಂದ ನೋಡಿದರೂ ಚಿತ್ರ ಕೆಡದ ಒಳ್ಳೆ ಐಪಿಎಸ್ ಮಾನಿಟರ್ ತಗೊಳ್ಳಿ. ಕೂದಲೆಳೆಯಂಥ ಬಿರುಕು ಕಾಣಬೇಕಾದ್ದು ಅದರಲ್ಲೇ ಅಲ್ವಾ. ಕಿಟಕಿ ಬೆಳಕು ಪರದೆಗೆ ಬೀಳದಂತೆ ಇಡಿ.

ಆರ್‌ವಿಜಿ ಸೆನ್ಸರ್ ಕೊಳ್ಳುವಾಗ ಏನು ಕೇಳಬೇಕು?

ಚಿತ್ರದ ಗುಣಮಟ್ಟ ನೀವೇ ನೋಡಿಕೊಳ್ಳುತ್ತೀರಿ, ಅದರ ಬಗ್ಗೆ ನನ್ನ ಮಾತು ಬೇಡ. ನಾನು ಕೇಳಿಸುವುದು ನಾಲ್ಕು. ಚಿತ್ರಗಳನ್ನು ಡೈಕಾಮ್ ರೂಪದಲ್ಲಿ (ಬೇರೆ ಸಾಫ್ಟ್‌ವೇರ್‌ಗಳೂ ತೆರೆಯುವ ವೈದ್ಯಕೀಯ ಚಿತ್ರದ ರೂಪ) ಹೊರಗೆ ತೆಗೆಯಬಹುದಾ? ಸಾಫ್ಟ್‌ವೇರ್ ಎಷ್ಟು ಕಂಪ್ಯೂಟರ್‌ಗೆ ಹಾಕಬಹುದು? ಬುಡದಲ್ಲಿ ವೈರ್ ಮುರಿದರೆ ಗ್ಯಾರಂಟಿ ಇದೆಯಾ? ಕ್ಯಾಲಿಬ್ರೇಷನ್ ಫೈಲ್ ಎಲ್ಲಿದೆ?

ಕೊನೆಯದು ಯಾರಿಗೂ ನೆನಪಿರುವುದಿಲ್ಲ. ತುಂಬಾ ಕಂಪನಿಗಳಲ್ಲಿ ಪ್ರತಿ ಸೆನ್ಸರ್‌ಗೂ ಅದರ ಸೀರಿಯಲ್ ನಂಬರ್‌ಗೆ ಹೊಂದುವ ಒಂದು ಫೈಲ್ ಇರುತ್ತದೆ. ಡಬ್ಬಿಯಲ್ಲಿ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಬರುತ್ತದೆ. ಕಂಪ್ಯೂಟರ್ ಬದಲಾಯಿಸಿದ ದಿನ ಅದಿಲ್ಲದಿದ್ದರೆ ಸೆನ್ಸರ್ ಕೆಲಸ ಮಾಡುವುದಿಲ್ಲ, ಇಲ್ಲವೇ ಚಿತ್ರದ ತುಂಬಾ ಗೆರೆ. ಡಬ್ಬಿ ಬಿಚ್ಚಿದ ದಿನವೇ ಆ ಫೈಲನ್ನು ಎರಡು ಕಡೆ ಕಾಪಿ ಮಾಡಿ. ಎಕ್ಸ್‌ರೇ ಮೆಷಿನ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಅದು ಇ-ಲೋರಾ ಪೋರ್ಟಲ್‌ನಲ್ಲಿ ಆಗುತ್ತದೆ. ಆ ಲಾಗಿನ್ ಮಾರಾಟಗಾರರ ಹುಡುಗನ ಮೇಲ್‌ನಲ್ಲಿ ಇರದೆ ನಿಮ್ಮ ಮೇಲ್‌ನಲ್ಲಿರಲಿ.

ಕ್ಲಿನಿಕ್ ಸಾಫ್ಟ್‌ವೇರ್ ಹೇಗೆ ಆರಿಸುವುದು?

ಡೆಮೊ ತೋರಿಸಲು ಬಂದವರು ಬಣ್ಣ ಬಣ್ಣದ ಗ್ರಾಫ್ ತೋರಿಸುತ್ತಾರೆ. ಅದನ್ನು ಪಕ್ಕಕ್ಕಿಟ್ಟು, ಕೀಬೋರ್ಡ್ ನಿಮ್ಮ ರಿಸೆಪ್ಷನ್ ಹುಡುಗಿಯ ಕೈಗೆ ಕೊಡಿಸಿ. ನಾಲ್ಕು ಕೆಲಸ ಮಾಡಲಿ.

ಒಂದು, ಪೇಷಂಟ್ ಹುಡುಕುವುದು. ನಮ್ಮಲ್ಲಿ ಮಂಜುನಾಥ ಅಂತ ಹೊಡೆದರೆ ನಲವತ್ತು ಜನ ಬರುತ್ತಾರೆ. ಮೊಬೈಲ್ ನಂಬರ್ ಹೊಡೆದರೆ ಒಂದೇ ನಂಬರಿಗೆ ಅಜ್ಜ, ಅಪ್ಪ, ಸೊಸೆ, ಮೊಮ್ಮಗ ನಾಲ್ವರೂ ಇರುತ್ತಾರೆ. ಜನ ಹೇಳುವುದು ಊರಿನ ಹೆಸರು, ಮನೆ ಹೆಸರು. "ನಾನು ಕೆಳಗಿನಮನೆಯವನು" ಅಂತಾರೆ. ಊರು ಮತ್ತು ಮನೆ ಹೆಸರಿನಿಂದ ಹುಡುಕಲು ಬರದ ಸಾಫ್ಟ್‌ವೇರ್ ಮಲೆನಾಡಿಗಲ್ಲ. ಒಂದು ನಂಬರಿಗೆ ಒಬ್ಬರೇ ಪೇಷಂಟ್ ಅಂತ ಹಟ ಹಿಡಿಯುವ ಸಾಫ್ಟ್‌ವೇರ್ ಅಂತೂ ಬೇಡವೇ ಬೇಡ.

ಎರಡು, ಹಲ್ಲಿನ ನಂಬರ್. ನೀವು ಕಾಲೇಜಿನಲ್ಲಿ ಕಲಿತಿದ್ದು ಪ್ರತಿ ಹಲ್ಲಿಗೆ ಎರಡಂಕಿಯ ನಂಬರ್ ಕೊಡುವ ಎಫ್‌ಡಿಐ ಪದ್ಧತಿ, 11ರಿಂದ 48. ಅಮೆರಿಕದ ಕೆಲವು ಸಾಫ್ಟ್‌ವೇರ್ 1ರಿಂದ 32ರ ಪದ್ಧತಿಯಲ್ಲಿ ಬರುತ್ತವೆ. ಎಫ್‌ಡಿಐಯಲ್ಲಿ 16 ಅಂದರೆ ಮೇಲಿನ ಬಲಗಡೆಯ ಮೊದಲ ದವಡೆ ಹಲ್ಲು. ಅವರ ಲೆಕ್ಕದಲ್ಲಿ 16 ಅಂದರೆ ಮೇಲಿನ ಎಡಗಡೆಯ ಬುದ್ಧಿ ಹಲ್ಲು. 36 ಅಂತ ಹೊಡೆದರೆ ತಪ್ಪು ಅಂತಾದರೂ ತೋರಿಸುತ್ತದೆ, 16 ಹೊಡೆದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಹಲ್ಲು ಕೀಳುವ ವಿಷಯದಲ್ಲಿ ಇದು ಎಂಥ ಗಂಡಾಂತರ ಅಂತ ನಾನು ನಿಮಗೆ ಹೇಳಬೇಕಾ. ಮೊದಲ ದಿನವೇ ಸೆಟ್ಟಿಂಗ್ ನೋಡಿ. ಹಾಲು ಹಲ್ಲಿಗೆ 51ರಿಂದ 85 ಬರುತ್ತದಾ ಅಂತಲೂ ನೋಡಿ.

ಮೂರು, ಬಾಕಿ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ ಡಾಕ್ಟ್ರೇ" ಅನ್ನುವವರಿಗೆ ಇಲ್ಲ ಅನ್ನಲಾಗುವುದಿಲ್ಲ. ಒಂದು ಕ್ಯಾಪ್‌ನ ದುಡ್ಡು ಮೂರು ಕಂತಲ್ಲಿ ಬಂದರೆ ಮೂರು ರಸೀದಿ, ಉಳಿದ ಬಾಕಿ ಎಷ್ಟು ಅಂತ ಒಂದೇ ಪರದೆಯಲ್ಲಿ ಕಾಣಬೇಕು.

ನಾಲ್ಕು, ಹೊರಗೆ ಬರುವ ದಾರಿ. "ಮುಂದಿನ ವರ್ಷ ನಿಮ್ಮ ಸಾಫ್ಟ್‌ವೇರ್ ಬೇಡ ಅಂದರೆ ನನ್ನ ಪೇಷಂಟ್ ಮಾಹಿತಿ, ಚಿತ್ರ ಎಲ್ಲ ಹೇಗೆ ಕೊಡುತ್ತೀರಿ, ಈಗಲೇ ತೋರಿಸಿ" ಅನ್ನಿ. ಎಕ್ಸೆಲ್ ಫೈಲ್ ಮತ್ತು ಹೆಸರಿರುವ ಚಿತ್ರದ ಫೋಲ್ಡರ್ ಹೊರಬಂದರೆ ಸರಿ. "ಅದನ್ನೆಲ್ಲ ಆಮೇಲೆ ನೋಡೋಣ ಸರ್" ಅಂದರೆ ಚಹಾ ಕೊಟ್ಟು ಕಳಿಸಿ.

ಕ್ಲೌಡ್ ಒಳ್ಳೆಯದಾ, ಕ್ಲಿನಿಕ್ ಕಂಪ್ಯೂಟರ್‌ನಲ್ಲೇ ಇರುವುದು ಒಳ್ಳೆಯದಾ?

ಶಿವಮೊಗ್ಗ ಪೇಟೆಯೊಳಗೆ, ದುರ್ಗಿಗುಡಿ, ಸವಳಂಗ ರಸ್ತೆ ಕಡೆ ಎರಡು ಮೂರು ಕಂಪನಿಗಳ ಫೈಬರ್ ಸಿಗುತ್ತದೆ. ಅಲ್ಲಿ ಕ್ಲೌಡ್, ಅಂದರೆ ಮಾಹಿತಿಯನ್ನೆಲ್ಲ ಇಂಟರ್ನೆಟ್ ಮೂಲಕ ದೂರದ ಸರ್ವರ್‌ನಲ್ಲಿ ಇಡುವುದು, ಆರಾಮ. ಹೊಸನಗರದ ಒಳಗೋ ಆಗುಂಬೆ ಕಡೆಯೋ ಆದರೆ ನಾನು ಇನ್ನೂ ಕ್ಲಿನಿಕ್‌ನೊಳಗೇ ಇರುವ ಸಾಫ್ಟ್‌ವೇರ್ ಹಾಕುತ್ತೇನೆ, ಸಂಜೆ ಪ್ಲಗ್ ಕೀಳುವ ಮೊದಲು ಅದರ ಬ್ಯಾಕಪ್ ಕ್ಲೌಡ್‌ಗೆ ಹೋಗುವಂತೆ ಮಾಡುತ್ತೇನೆ. ಆರ್‌ವಿಜಿ ಚಿತ್ರ ಕೆಲವೇ ಎಂಬಿ, ಹೇಗೋ ಹೋಗುತ್ತದೆ. ಸಿಬಿಸಿಟಿ ಒಂದೊಂದು ನೂರಾರು ಎಂಬಿ, ಅದನ್ನು ಮಳೆಗಾಲದ ನೆಟ್‌ನಲ್ಲಿ ಕಳಿಸಲು ಕೂತರೆ ಬೆಳಗಾಗುತ್ತದೆ.

ಎಲ್ಲೇ ಇರಲಿ, ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕುವ ರೂಟರ್ ಒಂದಿರಲಿ. ಸಿಮ್ ಕೊಳ್ಳುವ ಮೊದಲು ಕ್ಲಿನಿಕ್‌ನೊಳಗೆ, ಬಾಗಿಲು ಹಾಕಿಕೊಂಡು ಸಿಗ್ನಲ್ ನೋಡಿ. ರಸ್ತೆಯಲ್ಲಿ ನಾಲ್ಕು ಕಡ್ಡಿ ಇದ್ದದ್ದು ಒಳಗೆ ಒಂದಾಗುತ್ತದೆ.

ಇನ್ನೊಂದು ಹಳೇ ಕಾಲದ ಉಪಾಯ. ಸಂಜೆ ಹೊರಡುವಾಗ ನಾಳೆಯ ಅಪಾಯಿಂಟ್‌ಮೆಂಟ್ ಪಟ್ಟಿಯನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿ, ಹೆಸರು, ಊರು, ನಂಬರ್, ಯಾವ ಹಲ್ಲು ಅಂತ. ಕಂಪ್ಯೂಟರ್ ಸತ್ತರೂ ಆ ದಿನ ನಡೆಯುತ್ತದೆ. ಪಟ್ಟಿ ಹಾಕುವಾಗ ಬಸ್ಸಿನ ಸಮಯವನ್ನೂ ನೋಡಿ. ಕೊನೇ ಬಸ್ಸು 5ಕ್ಕೆ ಇರುವವರಿಗೆ 4:30ಕ್ಕೆ ರೂಟ್ ಕೆನಾಲ್ ಕೊಡುವ ಸಾಫ್ಟ್‌ವೇರ್‌ಗೆ ಬುದ್ಧಿ ಹೇಳಬೇಕಾದವರು ನಾವೇ.

ಬ್ಯಾಕಪ್ ಹಾಕಿದ್ದೇನೆ, ಪೆನ್‌ಡ್ರೈವ್‌ನಲ್ಲಿದೆ. ಸಾಕಲ್ಲ?

ಕೊನೇ ಸಲ ಅದರಿಂದ ವಾಪಸ್ ತೆಗೆದು ನೋಡಿದ್ದು ಯಾವಾಗ?

ಈ ಪ್ರಶ್ನೆ ನನಗೆ ಕಲಿಸಿದ್ದು ನನ್ನದೇ ಒಂದು ಕೆಟ್ಟ ದಿನ. ಒಂದು ಕ್ಲಿನಿಕ್‌ನಲ್ಲಿ ಹಾರ್ಡ್ ಡಿಸ್ಕ್ ಹೋಯಿತು. ಪ್ರತಿ ರಾತ್ರಿ ಬ್ಯಾಕಪ್ ಹೋಗುವಂತೆ ಮಾಡಿಟ್ಟವನು ನಾನೇ, ಹಾಗಾಗಿ ಧೈರ್ಯವಾಗಿ ಹೋದೆ. ಹೊಸ ಡಿಸ್ಕ್ ಹಾಕಿ, ಬ್ಯಾಕಪ್ ಬಿಚ್ಚಿದೆ. ಪೇಷಂಟ್ ಹೆಸರು ಬಂತು, ಬಿಲ್ ಬಂತು, ಹಲ್ಲಿನ ಚಾರ್ಟ್ ಬಂತು. ಡಾಕ್ಟರು ಒಂದು ಹೆಸರಿನ ಮೇಲೆ ಕ್ಲಿಕ್ ಮಾಡಿ ಎಕ್ಸ್‌ರೇ ತೆಗೆದರು. ಬೂದು ಬಣ್ಣದ ಖಾಲಿ ಚೌಕ. ಇನ್ನೊಂದು, ಅದೂ ಖಾಲಿ. ಆ ಸಾಫ್ಟ್‌ವೇರ್ ಹೆಸರು, ಬಿಲ್ಲನ್ನು ಡೇಟಾಬೇಸ್‌ನಲ್ಲಿ ಇಡುತ್ತಿತ್ತು, ಚಿತ್ರಗಳನ್ನು ಬೇರೊಂದು ಫೋಲ್ಡರ್‌ನಲ್ಲಿ. ನಾನು ತೆಗೆಯುತ್ತಿದ್ದದ್ದು ಡೇಟಾಬೇಸ್ ಮಾತ್ರ. ಎರಡು ವರ್ಷದ ಎಕ್ಸ್‌ರೇಗಳಲ್ಲಿ ಉಳಿದದ್ದು ಪೇಷಂಟ್‌ಗಳಿಗೆ ಫೋನಿನಲ್ಲಿ ಕಳಿಸಿದ್ದಷ್ಟೇ. ಡಾಕ್ಟರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಹಾಗಾಗಿ ಈಗಿನ ನಿಯಮ: ಮಾಹಿತಿ ಮೂರು ಕಡೆ ಇರಬೇಕು, ಎರಡು ಬೇರೆ ಬೇರೆ ರೀತಿಯ ಸಾಧನದಲ್ಲಿ ಇರಬೇಕು, ಅದರಲ್ಲಿ ಒಂದು ಕಾಪಿ ಕಟ್ಟಡದಿಂದ ಹೊರಗಿರಬೇಕು. ಕ್ಲಿನಿಕ್ ಕಂಪ್ಯೂಟರ್ ಒಂದು, ಹೊರಗೆ ಜೋಡಿಸುವ ಹಾರ್ಡ್ ಡಿಸ್ಕ್ ಒಂದು, ಕ್ಲೌಡ್ ಒಂದು. ಹಾರ್ಡ್ ಡಿಸ್ಕ್ ಎರಡು ಇಟ್ಟುಕೊಂಡು ವಾರಕ್ಕೊಂದನ್ನು ಮನೆಗೆ ಒಯ್ಯಿರಿ. ಸಾಫ್ಟ್‌ವೇರ್ ಓಡುತ್ತಿರುವಾಗ ಡೇಟಾಬೇಸ್ ಫೈಲನ್ನು ಎಳೆದು ಕಾಪಿ ಮಾಡಬೇಡಿ, ಅದು ಹೆಚ್ಚಾಗಿ ತೆರೆಯುವುದಿಲ್ಲ. ಸಾಫ್ಟ್‌ವೇರ್‌ನದೇ ಬ್ಯಾಕಪ್ ಬಟನ್ ಇರುತ್ತದೆ, ಅದನ್ನೇ ಬಳಸಿ. ಮೂರು ತಿಂಗಳಿಗೊಮ್ಮೆ ಬೇರೆ ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿ, ಹೋದ ವರ್ಷದ ಯಾರದಾದರೂ ಐದು ಎಕ್ಸ್‌ರೇ ತೆರೆದು ನೋಡಿ. ಚಿತ್ರ ಕಣ್ಣಿಗೆ ಬಿದ್ದರೆ ಮಾತ್ರ ಬ್ಯಾಕಪ್ ಇದೆ ಅಂತ ಲೆಕ್ಕ.

ನಮ್ಮಂಥ ಸಣ್ಣ ಕ್ಲಿನಿಕ್‌ಗೆ ಯಾರು ಬಂದು ಹ್ಯಾಕ್ ಮಾಡುತ್ತಾರೆ?

ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರುವುದಿಲ್ಲ. ಬೀಗ ಹಾಕದ ಬಾಗಿಲು ಎಲ್ಲಿದೆ ಅಂತ ಪ್ರೋಗ್ರಾಂಗಳು ತಾವೇ ತಡಕುತ್ತಾ ಹೋಗುತ್ತವೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ, ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಡೆದಾಗ ಅಲ್ಲಿ ದಿನಗಟ್ಟಲೆ ಕೈಬರಹದ ಚೀಟಿಯಲ್ಲಿ ಕೆಲಸ ನಡೆಯಿತು. ಮನೆಯಿಂದಲೇ ಕ್ಲಿನಿಕ್ ಕಂಪ್ಯೂಟರ್ ನೋಡಲಿ ಅಂತ ರಿಮೋಟ್ ಡೆಸ್ಕ್‌ಟಾಪ್ ಅನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವುದು ದೊಡ್ಡ ತೂತು. ನಕಲಿ ವಿಂಡೋಸ್, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಎರಡನೆಯದು. ಸದಾ ಸಿಕ್ಕಿಸಿಯೇ ಇರುವ ಬ್ಯಾಕಪ್ ಡಿಸ್ಕ್ ಮೂರನೆಯದು, ಕಂಪ್ಯೂಟರ್ ಜೊತೆ ಅದಕ್ಕೂ ಬೀಗ ಬೀಳುತ್ತದೆ. ಬ್ಯಾಕಪ್ ಮುಗಿದ ಮೇಲೆ ಕಿತ್ತಿಡಿ. ಇಂಥದ್ದು ಆದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನ ಆದೇಶವಿದೆ.

ರಿಸೆಪ್ಷನ್‌ಗೂ ಡಾಕ್ಟರಿಗೂ ಬೇರೆ ಬೇರೆ ಲಾಗಿನ್ ಇರಲಿ. ಕೆಲಸ ಬಿಟ್ಟವರ ಲಾಗಿನ್ ಅದೇ ಸಂಜೆ ಮುಚ್ಚಿ. ಕಾಯುವವರಿಗೆ ಕೊಡುವ ವೈಫೈ ಗೆಸ್ಟ್ ವೈಫೈ ಆಗಿರಲಿ. ಮಾನಿಟರ್ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿಯನ್ನು ಇವತ್ತೇ ಹರಿಯಿರಿ.

ಎಕ್ಸ್‌ರೇಯನ್ನು ವಾಟ್ಸಾಪ್‌ನಲ್ಲಿ ಕಳಿಸಬಹುದಾ?

ಎಲ್ಲರೂ ಕಳಿಸುತ್ತಾರೆ, ನೀವೂ ಕಳಿಸುತ್ತೀರಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಬೇರಿನ ತುದಿಯ ವಿವರ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ನಿಮ್ಮ ಸ್ವಂತ ನಂಬರಿನಿಂದ ಬೇಡ, ಕ್ಲಿನಿಕ್‌ಗೆ ಬೇರೆ ಫೋನ್ ಇಡಿ. ಮಗಳ ಮದುವೆ ಫೋಟೋಗಳ ಮಧ್ಯೆ ಯಾರದೋ ದವಡೆ ಬರುವುದು ತಪ್ಪುತ್ತದೆ.

ಕಾನೂನಿನ ಕಡೆಯಿಂದ, ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಜಾರಿ ಹಂತ ಹಂತವಾಗಿ. ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ ಅಂತ ಕೇಳಿ ಹೆದರಬೇಕಿಲ್ಲ, ಆದರೆ ಯಾಕೆ ಮಾಹಿತಿ ತಗೊಳ್ಳುತ್ತೀರಿ ಅಂತ ಹೇಳಿ ಒಪ್ಪಿಗೆ ಪಡೆಯುವ ಅಭ್ಯಾಸ ಈಗಲೇ ಮಾಡಿ. 18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ. ಚಿಕಿತ್ಸೆಗೆ ಮೊದಲು, ಆಮೇಲೆ ಅಂತ ಹಲ್ಲಿನ ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕುವುದಕ್ಕೆ ಬೇರೆಯೇ ಒಪ್ಪಿಗೆ ಬೇಕು, ಅದೇ ಸಹಿಯಲ್ಲಿ ಸೇರಿಸಬೇಡಿ.

ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಎರಡು ಪಟ್ಟು ದುಡ್ಡು ಯಾಕೆ ಹೋಗುತ್ತದೆ?

ಇಂಗ್ಲಿಷ್ ಎಸ್ಸೆಮ್ಮೆಸ್ ಒಂದಕ್ಕೆ 160 ಅಕ್ಷರ, ಕನ್ನಡಕ್ಕೆ 70. ಅದರಲ್ಲೂ ಒತ್ತು, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ ಎಣಿಕೆ. "ಬೆಳಿಗ್ಗೆ" ನಮಗೆ ಮೂರಕ್ಷರ, ಮೆಷಿನ್‌ಗೆ ಎಂಟು. ನಾನು ಒಂದು ಭಾನುವಾರ ಪೂರ್ತಿ ಕೂತು ಬರೆದ ಮೆಸೇಜ್ ಇದು:

ನಾಳೆ ಬೆಳಿಗ್ಗೆ 10ಕ್ಕೆ ಹಲ್ಲಿನ ಕ್ಲಿನಿಕ್‌ಗೆ ಬನ್ನಿ. ಬರಲಾಗದಿದ್ದರೆ ಫೋನ್ ಮಾಡಿ.

ಸರಿಯಾಗಿ 70. "ದಯವಿಟ್ಟು" ಸೇರಿಸಿದರೆ ಎರಡು ಮೆಸೇಜಿನ ದುಡ್ಡು. ಗೌರವ "ಬನ್ನಿ"ಯಲ್ಲೇ ಇದೆ, ಸಾಕು. ಒಟ್ಟಿಗೆ ಕಳಿಸುವ ಎಸ್ಸೆಮ್ಮೆಸ್‌ಗೆ ಮೊಬೈಲ್ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಒಕ್ಕಣೆಗೂ ಮೊದಲೇ ಒಪ್ಪಿಗೆ ಪಡೆಯಬೇಕು.

ಒಪ್ಪಿಗೆ ಪತ್ರವನ್ನು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿಟ್ಟಿದ್ದರೆ ಯೂನಿಕೋಡ್‌ಗೆ ಬದಲಾಯಿಸಿ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗಿ ಕಾಣುತ್ತದೆ. ಅಕ್ಷರ ದೊಡ್ಡದಿರಲಿ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೇ ಜಾಸ್ತಿ.

ಆಭಾ ಕಾರ್ಡ್ ಕಡ್ಡಾಯವಾ?

ಪೇಷಂಟ್‌ಗೆ ಕಡ್ಡಾಯವಿಲ್ಲ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ಶುರುವಾಗಿದ್ದು. ಆಭಾ ಅಂದರೆ ಅದರಲ್ಲಿ ಒಬ್ಬೊಬ್ಬರಿಗೂ ಸಿಗುವ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ. ಸಾಫ್ಟ್‌ವೇರ್‌ನಲ್ಲಿ ಅದನ್ನು ಬರೆಯಲು ಒಂದು ಜಾಗ ಇದ್ದರೆ ಮುಂದಕ್ಕೆ ಅನುಕೂಲ.

ಚೇರ್ ಕೋಣೆಯಲ್ಲಿ ಸಿಸಿಟಿವಿ?

ಬೇಡ. ಬಾಗಿಲು, ಕೌಂಟರ್ ಸಾಕು.

ಮಳೆಗಾಲದಲ್ಲಿ ಪ್ರಿಂಟರ್ ಯಾಕೆ ಪೇಪರ್ ಕಚ್ಚಿಕೊಳ್ಳುತ್ತದೆ?

ಪೇಪರ್ ತಂಡಿ ಎಳೆದುಕೊಂಡಿರುತ್ತದೆ. ಜುಲೈನಲ್ಲಿ ಹಾಳೆ ಮುಟ್ಟಿದರೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಬಂಡಲ್ ಬಿಚ್ಚಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಪ್ರಿಂಟರ್‌ಗೆ ಇಪ್ಪತ್ತೇ ಹಾಳೆ ಹಾಕಿ. ಸಾಗರದ ಒಂದು ಕ್ಲಿನಿಕ್‌ನ ಸಹಾಯಕಿ ಬಂಡಲನ್ನು ಇನ್ವರ್ಟರ್ ಮೇಲಿನ ಹಲಗೆಯಲ್ಲಿ ಇಡುತ್ತಾರೆ, ಅದರ ಬಿಸಿಗೆ ಹಾಳೆ ಗರಿಗರಿ. ನನಗೆ ಹೊಳೆದಿರಲಿಲ್ಲ. ಸೆನ್ಸರ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ವಾರ್ಷಿಕ ಒಪ್ಪಂದ ಮಾಡಿಕೊಳ್ಳಬೇಕಾ?

ಮಾಡಿಕೊಂಡರೆ ಒಳ್ಳೆಯದು, ಆದರೆ ಎಷ್ಟು ಗಂಟೆಯಲ್ಲಿ ಬರುತ್ತೀರಿ ಅಂತ ಬರೆಸಿಕೊಳ್ಳಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್, ಸಾಗರಕ್ಕೆ 70ರ ಆಸುಪಾಸು. ಮಳೆಯಲ್ಲಿ ಮಾರಾಯ್ರೆ, ನಾನು ಬರುವಷ್ಟರಲ್ಲಿ ಮಧ್ಯಾಹ್ನ. ಅದಕ್ಕೇ ಒಂದು ರೂಟರ್, ಒಂದು ಅಡಾಪ್ಟರ್, ಒಂದು ಕೀಬೋರ್ಡ್, ಮೌಸ್ ಕ್ಲಿನಿಕ್‌ನಲ್ಲೇ ಹೆಚ್ಚುವರಿ ಇಡಿಸುತ್ತೇನೆ. ಅರ್ಧ ಕರೆಗಳು ಅದರಲ್ಲೇ ಮುಗಿಯುತ್ತವೆ.

ಒಪ್ಪಂದ ಯಾರ ಜೊತೆಗೇ ಇರಲಿ, ಪಾಸ್‌ವರ್ಡ್‌ಗಳು ಅವರ ತಲೆಯಲ್ಲಿ ಮಾತ್ರ ಇರಬಾರದು. ನನ್ನ ತಲೆಯಲ್ಲೂ. ರೂಟರ್, ವಿಂಡೋಸ್, ಸಾಫ್ಟ್‌ವೇರ್, ಬ್ಯಾಕಪ್, ಇ-ಲೋರಾ, ಡೊಮೇನ್ ಹೆಸರು, ಎಲ್ಲದರ ಲಾಗಿನ್, ಲೈಸೆನ್ಸ್ ನಂಬರ್, ಯಾವ ಕೇಬಲ್ ಎಲ್ಲಿಗೆ ಹೋಗಿದೆ ಅನ್ನುವ ಒಂದು ಕೈಚಿತ್ರ, ಇಷ್ಟನ್ನು ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ತಾರೀಕು ಹಾಕಿ ಡಾಕ್ಟರಿಗೆ ಕೊಡುತ್ತೇನೆ. ಅವರು ಅದನ್ನು ಮನೆಯ ಬೀರುವಿನಲ್ಲಿ ಇಡಬೇಕು, ಕ್ಲಿನಿಕ್‌ನಲ್ಲಲ್ಲ. ಅಕ್ಕ ತನ್ನದನ್ನು ಅಪ್ಪನ ಹಳೇ ಹಲ್ಲುಸೆಟ್ಟಿನ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದಾಳೆ. ಕಳ್ಳ ಬಂದರೂ ಅದನ್ನು ಮುಟ್ಟುವುದಿಲ್ಲ ಅನ್ನುವುದು ಅವಳ ಲೆಕ್ಕ.